ಹಳೆಯ ಬಿರುಕು, ಹೊಸ ಬೆಟ್ಟ

ರಾಜಾಜಿನಗರ, ವಿಜಯನಗರದ ಮಕ್ಕಳೇ, ಯಶವಂತಪುರದಲ್ಲಿ ಹಗಲಿನ ಮಂಗಳೂರು ರೈಲು ಹತ್ತಿದರೆ ಕಿಟಕಿ ಪಕ್ಕದ ಸೀಟು ಹಿಡಿಯಿರಿ. ಸಕಲೇಶಪುರ ಬರುವವರೆಗೆ ರೈಲು ಯಾವ ದೊಡ್ಡ ಬೆಟ್ಟವನ್ನೂ ಹತ್ತುವುದಿಲ್ಲ. ಆ ಊರು ಹೆಚ್ಚುಕಡಿಮೆ ಬೆಂಗಳೂರಿನಷ್ಟೇ ಎತ್ತರದಲ್ಲಿದೆ. ಅಲ್ಲಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ, ಇಳಿದಷ್ಟೂ ಇಳಿಜಾರು. ಹತ್ತದೆಯೇ ಇಳಿಯುವ ಇದೆಂಥ ಘಟ್ಟ?

ಇದು ಹರಿದುಹೋದ ನೆಲದ ಅಂಚು. ಸುಮಾರು 9 ಕೋಟಿ ವರ್ಷಗಳ ಹಿಂದಿನವರೆಗೂ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಅದು ಬೇರೆಯಾಗುವಾಗ ಉಕ್ಕಿದ ಲಾವಾ ತಣಿದು ಕಂಬ ಕಂಬವಾಗಿ ನಿಂತಿರುವುದನ್ನು ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ನೋಡಬಹುದು. ಅದೇ ಕಾಲದ ಲಾವಾ ಮಡಗಾಸ್ಕರ್‌ನಲ್ಲೂ ಇದೆ! ಹರಿದ ಅಂಚನ್ನು ಮಳೆ, ಹೊಳೆಗಳು ಕೊರೆದು ಕೊರೆದು ಪೂರ್ವಕ್ಕೆ ಸರಿಸಿವೆ.

ನೆಲವನ್ನು ಹೀಗೆ ಎಳೆದಾಗ ಬಂಡೆ ಓರೆಯಾಗಿ ಸೀಳುತ್ತದೆ, ಒಂದು ಬದಿ ಕೆಳಕ್ಕೆ ಜಾರುತ್ತದೆ. ನಿಮ್ಮ ಪಾಠದಲ್ಲಿ ಬರುವ ಸ್ತರಭಂಗ ಇದೇ. ಕೋಟ್ಯಂತರ ವರ್ಷ ಕಳೆದ ಮೇಲೆ ಅದೇ ನೆಲವನ್ನು ಎಳೆಯುವ ಬದಲು ಒತ್ತಿದರೆ ಏನಾಗುತ್ತದೆ? ಒಂದು ಕಾಗದ ಮಡಚಿ, ಬಿಚ್ಚಿ, ಮೇಜಿನ ಮೇಲಿಟ್ಟು ಎರಡೂ ತುದಿಯಿಂದ ನೂಕಿ. ಹಳೆಯ ಮಡಿಕೆ ಇದ್ದಲ್ಲೇ ಕಾಗದ ಮೇಲೇಳುತ್ತದೆ. ಬಂಡೆಯೂ ಅಷ್ಟೆ. ಗಟ್ಟಿ ಕಲ್ಲನ್ನು ಹೊಸದಾಗಿ ಒಡೆಯಲು ಬಹಳ ಬಲ ಬೇಕು, ಇದ್ದ ಸೀಳಿನಲ್ಲಿ ಜಾರಲು ಅಷ್ಟು ಬೇಡ. ಹಿಂದೆ ಕೆಳಗಿಳಿದ ಬದಿ ಈಗ ಅದೇ ಓರೆಯಲ್ಲಿ ಮೇಲಕ್ಕೆ ಹತ್ತುತ್ತದೆ.

ನಮ್ಮ ಘಟ್ಟದ ಮೇಲೆ ಅಂಥ ದೊಡ್ಡ ಒತ್ತು ಬಿದ್ದಿಲ್ಲ. ಗುಜರಾತಿನ ಕಚ್ಛ್ ಮೇಲೆ ಬಿತ್ತು. ಸುಮಾರು 20 ಕೋಟಿ ವರ್ಷಗಳ ಹಿಂದೆ ಅಲ್ಲಿ ನೆಲ ಪೂರ್ವ-ಪಶ್ಚಿಮವಾಗಿ ಸೀಳಿ ತಗ್ಗಾಯಿತು. ಸಮುದ್ರ ಒಳನುಗ್ಗಿತು, ಕೆಸರು ತುಂಬಿತು, ಸುರುಳಿ ಚಿಪ್ಪಿನ ಅಮೋನೈಟ್‌ಗಳು ಬದುಕಿ ಸತ್ತವು. ಬಹುಕಾಲದ ನಂತರ ಭಾರತ ಏಷ್ಯಾಕ್ಕೆ ಢಿಕ್ಕಿ ಹೊಡೆದು ಒತ್ತತೊಡಗಿತು. ಈಗ ಆ ಚಿಪ್ಪುಗಳು ಕಚ್ಛ್‌ನ ಗುಡ್ಡಗಳ ಮೇಲೆ ಸಿಗುತ್ತವೆ. ಗುಡ್ಡದ ಸಾಲುಗಳೂ ಪೂರ್ವ-ಪಶ್ಚಿಮಕ್ಕೇ ಇವೆ, ಏಕೆಂದರೆ ಸೀಳುಗಳು ಹಾಗಿದ್ದವು. ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಪಿರನೀಸ್ ಪರ್ವತಗಳ ಕಥೆಯೂ ಹೀಗೆಯೇ, ಎತ್ತರ ಮಾತ್ರ ಬಹಳ ಹೆಚ್ಚು.

ಕಚ್ಛ್‌ನಲ್ಲಿ ಈ ಕೆಲಸ ಇನ್ನೂ ನಡೆದಿದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಭೂಮಿಯಾಳದ ಬಂಡೆ ಹೀಗೆಯೇ ಮೇಲಕ್ಕೆ ಜಾರಿತು. 1819ರ ಭೂಕಂಪವಂತೂ ಬಯಲಿನಲ್ಲಿ ಹತ್ತಾರು ಕಿಲೋಮೀಟರ್ ಉದ್ದದ ದಿಬ್ಬವನ್ನೇ ಎಬ್ಬಿಸಿ, ಸಿಂಧೂ ನದಿಯ ಒಂದು ಕವಲನ್ನು ಅಡ್ಡಗಟ್ಟಿತು. ಮನುಷ್ಯರು ಕಟ್ಟದ ಆ ಏರಿಗೆ ಜನ ಅಲ್ಲಾ ಬಂಡ್ ಎಂದರು. 1826ರಲ್ಲಿ ಪ್ರವಾಹ ಬಂದಾಗ ನೀರು ಅದನ್ನು ಕೊರೆದು ದಾರಿ ಮಾಡಿಕೊಂಡಿತು.