ಕೇರಿಯಲ್ಲಿ ಹುಟ್ಟಿದ ಇಟಲಿ

ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ದ್ವೀಪದ ದಕ್ಷಿಣ ಭಾಗದಲ್ಲಿ ಮಲ್ಬರಿ ಸ್ಟ್ರೀಟ್ ಎಂಬ ಬೀದಿಯಿದೆ. ಅದರ ಸುತ್ತಲಿನ ಕೇರಿಗೆ 'ಲಿಟ್ಲ್ ಇಟಲಿ' ಎಂದು ಹೆಸರು. ಈ ಕೇರಿಯ ಕಥೆ ತಿಳಿಯಬೇಕಾದರೆ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಇಲ್ಲಿ ಬಂದಿಳಿದವರಲ್ಲಿ ಬಹುಪಾಲು ಜನ ಹಡಗು ಹತ್ತುವಾಗ ತಮ್ಮನ್ನು ಇಟಲಿಯವರೆಂದು ಭಾವಿಸಿಯೇ ಇರಲಿಲ್ಲ.

ಇಟಲಿ ಒಂದು ರಾಜ್ಯವಾಗಿ ಒಂದುಗೂಡಿದ್ದು 1861ರಲ್ಲಿ. ಅದರಿಂದ ದಕ್ಷಿಣದ ಬಡ ರೈತನ ಪಾಲಿಗೆ ತೆರಿಗೆ ಬಂತೇ ಹೊರತು ಭೂಮಿ ಬರಲಿಲ್ಲ. 1880ರಿಂದ 1924ರವರೆಗೆ ಸುಮಾರು 40 ಲಕ್ಷ ಜನ ಅಮೆರಿಕಕ್ಕೆ ಗುಳೆ ಹೊರಟರು. ತಮ್ಮೂರ ಚರ್ಚಿನ ಗಂಟೆ ಎಲ್ಲಿಯವರೆಗೆ ಕೇಳಿಸುತ್ತದೋ ಅಷ್ಟೇ ಅವರ ನಾಡು. ಹೀಗಾಗಿ ಕೇರಿಯಲ್ಲೂ ನೇಪಲ್ಸಿನವರು ಮಲ್ಬರಿ ಬೀದಿ ಹಿಡಿದರೆ, ಸಿಸಿಲಿಯವರು ಎಲಿಜಬೆತ್ ಬೀದಿ ಹಿಡಿದರು. ಒಬ್ಬರ ಆಡುಮಾತು ಇನ್ನೊಬ್ಬರಿಗೆ ತಿಳಿಯುವುದೇ ಕಷ್ಟವಾಗಿತ್ತು.

ಗಾಳಿ ಬೆಳಕಿಲ್ಲದ ವಠಾರಗಳಲ್ಲಿ ವಾಸ. ಕೆಲಸ ಕೊಡಿಸುವವನು 'ಪದ್ರೋನೆ', ಅಂದರೆ ಕೂಲಿಯಲ್ಲಿ ತನ್ನ ಪಾಲು ಮುರಿದುಕೊಳ್ಳುವ ಮೇಸ್ತ್ರಿ. ಪತ್ರಕರ್ತ ಜೇಕಬ್ ರೀಸ್ 1890ರಲ್ಲಿ ಪ್ರಕಟಿಸಿದ ಪುಸ್ತಕ ಈ ನರಕವನ್ನು ನಗರದ ಕಣ್ಣಿಗೆ ಹಿಡಿಯಿತು. ಅತಿ ಕೆಟ್ಟ ವಠಾರಗಳನ್ನು ಕೆಡವಿದ ಜಾಗದಲ್ಲಿ 1897ರಲ್ಲಿ ಉದ್ಯಾನ ತೆರೆಯಿತು. ದೇವರ ಮನೆಯಲ್ಲೂ ಸಮಾನತೆಯಿರಲಿಲ್ಲ. ಐರಿಷರ ಹಿಡಿತದಲ್ಲಿದ್ದ ಮಾಟ್ ಬೀದಿಯ ಚರ್ಚಿನಲ್ಲಿ ಇವರ ಪ್ರಾರ್ಥನೆಗೆ ದೊರೆತದ್ದು ನೆಲಮಾಳಿಗೆ.

ಮನೆ ಮಾಲೀಕ, ಪೊಲೀಸ್, ಪತ್ರಿಕೆ ಎಲ್ಲರೂ ಇವರನ್ನು ಒಂದೇ ಹೆಸರಿನಿಂದ ಕರೆದರು. ಹೊರಗಿನವರು ಹಚ್ಚಿದ ಆ ಹೆಸರನ್ನೇ ಇವರು ಕ್ರಮೇಣ ಅಭಿಮಾನದಿಂದ ಧರಿಸಿದರು. 1926ರಲ್ಲಿ ನೇಪಲ್ಸಿನವರು ತಮ್ಮೂರ ಸಂತ ಜೆನ್ನಾರೋನ ಉತ್ಸವವನ್ನು ಮಲ್ಬರಿ ಬೀದಿಯಲ್ಲಿ ಆರಂಭಿಸಿದರು. ನೆಲಮಾಳಿಗೆಯ ಭಕ್ತಿ ಬೀದಿಗೆ ಬಂತು. ಒಂದು ಊರಿನ ಜಾತ್ರೆ ಮುಂದೆ ಇಟಾಲಿಯನ್ನರೆಲ್ಲರ ಜಾತ್ರೆಯಾಯಿತು.

ಅಷ್ಟರಲ್ಲಿ 1924ರ ಕಾನೂನು ವಲಸೆಯ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತ್ತು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮಕ್ಕಳು ಬ್ರೂಕ್ಲಿನ್ ಮೊದಲಾದ ಕಡೆಗೆ ಸರಿದರು. 1965ರಲ್ಲಿ ಕಾನೂನು ಬದಲಾದ ನಂತರ ಚೀನೀ ವಲಸಿಗರು ಹೆಚ್ಚಾಗಿ, ಅವರ ಕೇರಿ ಕೆನಾಲ್ ಬೀದಿಯನ್ನು ದಾಟಿ ಬೆಳೆಯಿತು. 2009ರ ಜನಗಣತಿ ಇಲಾಖೆಯ ಮಾದರಿ ಸಮೀಕ್ಷೆಯಲ್ಲಿ, ಇಟಲಿಯಲ್ಲಿ ಹುಟ್ಟಿದ ಒಬ್ಬ ನಿವಾಸಿಯೂ ಇಲ್ಲಿ ಸಿಗಲಿಲ್ಲ.

ಆದರೂ ಸೆಪ್ಟೆಂಬರ್ ಬಂದರೆ ಜಾತ್ರೆ ನಡೆಯುತ್ತದೆ. ಹೊರಟುಹೋದವರ ಮೊಮ್ಮಕ್ಕಳು ಬರುತ್ತಾರೆ. ಅಜ್ಜ ಬಿಟ್ಟುಬಂದ ಹಳ್ಳಿಯ ಹೆಸರು ಅವರಲ್ಲಿ ಹಲವರಿಗೆ ಗೊತ್ತಿರಲಾರದು. ಇಟಲಿ ಎಂದರೆ ಅವರಿಗೆ ಈ ಬೀದಿಯೇ.