ಹೊಲಕ್ಕೆ ಮುಯ್ಯಾಳು ಬರುತ್ತಾರೆ, ಮನೆಗೆ ಯಾಕೆ ಬೇಡ?



ಬಾಗಿಲು ಬಡಿದರೆ ಎದೆ ಧಸಕ್ಕೆನ್ನುವ ಮನೆಗಳು ಬಸವಕಲ್ಯಾಣ, ಹುಮನಾಬಾದ್ ಸೀಮೆಯ ನಮ್ಮ ಓಣಿಗಳಲ್ಲಿ ಎಷ್ಟೋ ಇವೆ. "ಒಳಗ ಬರಬ್ಯಾಡ್ರಿ, ಮನಿ ಭಾಳ ಹರವಿ ಬಿದ್ದದ" ಎಂದು ಆಶಾ ಕಾರ್ಯಕರ್ತೆಯನ್ನು ಕಟ್ಟೆಯಿಂದಲೇ ಕಳಿಸುತ್ತೇವೆ. ಒಡಹುಟ್ಟಿದ ತಂಗಿ ಬರುತ್ತೇನೆಂದರೂ ಏನೋ ನೆಪ ಹೇಳುತ್ತೇವೆ. ಇಂಥ ಮನೆಯ ಹೆಣ್ಣುಮಗಳು ಸೋಮಾರಿಯಲ್ಲ. ಗಂಡ ಲಾರಿ ಮೇಲೆ ಹೋದರೆ ಯಾವಾಗ ಬರುತ್ತಾನೋ ಗೊತ್ತಿಲ್ಲ, ಅತ್ತೆ ಹಾಸಿಗೆ ಹಿಡಿದಿದ್ದಾರೆ, ತೊಗರಿ ಚೀಲ ಪಡಸಾಲೆ ತುಂಬಿವೆ, ಕೂಸಿಗೆ ಜ್ವರ. ಇಷ್ಟನ್ನೂ ಒಬ್ಬಳೇ ಹೊತ್ತವಳಿಗೆ ಕಸಬರಿಗೆ ಹಿಡಿಯಲು ಪುರುಸೊತ್ತು ಎಲ್ಲಿಂದ ಬರಬೇಕು?

ತೊಗರಿ ರಾಶಿ ಬಂದಾಗ ನಾವು ಮುಯ್ಯಾಳು ಕರೆಯುತ್ತೇವೆ. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಅದರಲ್ಲಿ ಯಾರಿಗೂ ನಾಚಿಕೆಯಿಲ್ಲ. ಅದೇ ಮನೆಯೊಳಗಿನ ಕೆಲಸಕ್ಕೆ ಇನ್ನೊಬ್ಬರ ಕೈ ಸೇರಿಸಿಕೊಂಡರೆ ಮಾನ ಹೋಯಿತು ಅನ್ನುತ್ತೇವೆ. ಈ ಲೆಕ್ಕ ನನಗೆ ಒಪ್ಪಿಗೆಯಿಲ್ಲ.

ಕಲ್ಯಾಣದ ಶರಣ ಪರಂಪರೆಯನ್ನೇ ನೋಡಿ. 12ನೇ ಶತಮಾನದ ಶರಣೆ ಸತ್ಯಕ್ಕನ ಕಾಯಕ ಅಂಗಳ ಗುಡಿಸುವುದು. ಆಕೆ ಗುಡಿಸಿದ್ದು ಶಿವಭಕ್ತರ ಮನೆಗಳ ಅಂಗಳವನ್ನು. ಗುಡಿಸಿದವಳನ್ನು ವಚನಕಾರ್ತಿಯೆಂದು ಇಂದಿಗೂ ನೆನೆಯುತ್ತೇವೆ. ಯಾರ ಅಂಗಳ ಗುಡಿಸಿದಳೋ ಅವರ ಮರ್ಯಾದೆಯೂ ಕಡಿಮೆಯಾಗಲಿಲ್ಲ. ಈ ಎರಡನೆಯ ಮಾತನ್ನು ನಾವು ಯಾಕೋ ಗಮನಿಸುವುದೇ ಇಲ್ಲ.

ಈಗ ಏನು ಮಾಡಬೇಕು? ಇಡೀ ಓಣಿಗೆ ಹೇಳಬೇಕಾಗಿಲ್ಲ. ನಿಮ್ಮನ್ನು ಆಡಿಕೊಳ್ಳದ ಒಬ್ಬರನ್ನು ಆರಿಸಿಕೊಳ್ಳಿ, ಅಕ್ಕನೋ ನೆಗೆಣ್ಣಿಯೋ ಪಕ್ಕದ ಮನೆಯ ಕಾಕಿಯೋ. "ಮನಿ ಸ್ವಚ್ಛ ಮಾಡಲಿಕ್ಕೆ ಬಾ" ಅನ್ನಬೇಡಿ, ಅದು ಎಲ್ಲಿಂದ ಹಿಡಿಯಬೇಕೆಂದು ತಿಳಿಯದ ಕೆಲಸ. "ಅಡಿಗಿಮನಿ ಫಳಿ ಒಂದೇ ಖಾಲಿ ಮಾಡೂಣು, ತಾಸೊತ್ತು ಬಾ" ಅನ್ನಿ. ಅವರು ಬರುವ ಮೊದಲೇ ರಾತ್ರಿಯೆಲ್ಲ ಎದ್ದು ಹಸನು ಮಾಡಬೇಡಿ, ಇದ್ದ ಹಾಗೇ ತೋರಿಸಿ. ಶುರು ಮಾಡುವುದು ಅಪಾಯವಿದ್ದ ಕಡೆಯಿಂದ. ಹಿರಿಯರು ರಾತ್ರಿ ಎದ್ದು ನಡೆಯುವ ದಾರಿ, ಒಲೆಯ ಸುತ್ತಲಿನ ಜಾಗ, ಆಮೇಲೆ ನೀರಿನ ಡ್ರಮ್ಮು. ತುಂಬಿಟ್ಟ ನೀರಿನಲ್ಲೇ ಡೆಂಗಿ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ತಿಕ್ಕಿ, ಒಣಗಿಸಿ, ಮುಚ್ಚಿಡಬೇಕು. ಅಟ್ಟ, ಪೆಟ್ಟಿಗೆ ಇವೆಲ್ಲ ಕಾಯುತ್ತವೆ.

ನವರಾತ್ರಿಯ ಘಟ ಹಾಕುವ ಮುಂಚೆ ಮನೆಯ ಕೌದಿಗಳನ್ನೆಲ್ಲ ಒಗೆಯುವ ಪದ್ಧತಿ ನಮ್ಮಲ್ಲಿದೆ. ನೆನೆದ ಕೌದಿ ಒಬ್ಬರಿಂದ ಎತ್ತಲಾಗದು. ಎರಡು-ಮೂರು ಮನೆಯವರು ಸೇರಿ ಒಂದು ದಿನ ಇವರದು, ಒಂದು ದಿನ ಅವರದು ಅಂತ ಮಾಡಿಕೊಳ್ಳಿ. ಗಂಡಸರೇ, ಹಿಂಡುವುದಕ್ಕೆ ನಿಮ್ಮ ರಟ್ಟೆಯೂ ಬೇಕು.

ನೆರವಿಗೆ ಹೋಗುವವರಿಗೂ ಒಂದು ಮಾತು. "ಅಯ್ಯ, ಇಷ್ಟು ದಿನ ಹ್ಯಾಂಗ ಇದ್ದೀರಿ?" ಎಂದು ಕೇಳಿದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಏನು ಇರಬೇಕು, ಏನು ಹೋಗಬೇಕು ಅನ್ನುವುದು ಆ ಮನೆಯವರ ಮಾತು. ತೀರಿಕೊಂಡವರ ಅಂಗಿ, ಹಳೆಯ ಕಾಗದಪತ್ರ, ಮಕ್ಕಳ ಪುಸ್ತಕ ಇವನ್ನು ಕೇಳದೆ ಮುಟ್ಟಬೇಡಿ. ಅಲ್ಲಿ ಕಂಡದ್ದನ್ನು ನಳದ ಹತ್ತಿರ ಹೇಳಬೇಡಿ.

ಕೆಲವರಿಗೆ ಕೆಲಸ ಹೆಚ್ಚಾದದ್ದಲ್ಲ, ಮನಸ್ಸೇ ಕುಸಿದಿರುತ್ತದೆ. ಎರಡು ವಾರ ದಾಟಿದರೂ ಏಳಲು ಮನಸ್ಸಿಲ್ಲ, ನಿದ್ದೆಯಿಲ್ಲ, ಊಟ ಸೇರದು, ಮೊದಲು ಹಿಡಿಸುತ್ತಿದ್ದದ್ದು ಯಾವುದೂ ಹಿಡಿಸದು ಎಂದರೆ ಅದು ಖಿನ್ನತೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಹೆರಿಗೆಯ ನಂತರ ಹೀಗಾದರಂತೂ ತಡ ಮಾಡಬೇಡಿ, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ಹೇಳಿ. 2022ರಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಪೆನ್ನು ಇದ್ದರೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು.