ಮನೆಯಂಗಳದ ದೊಡ್ಡಪತ್ರೆ

(ಹೊರರೋಗಿಗಳ ವಿಭಾಗದಲ್ಲಿ ರೋಗಿಗಳು ಹಾಗೂ ಅವರ ಸಂಬಂಧಿಕರಿಗಾಗಿ ಮಕ್ಕಳ ವೈದ್ಯರು ನೀಡಿದ ಉಪನ್ಯಾಸದ ಬರಹರೂಪ)



ಚೀಟಿ ಮಾಡಿಸಿ ಸರದಿಗಾಗಿ ಕಾಯುತ್ತಿದ್ದೀರಿ. ಕಾಯುವ ಹೊತ್ತು ಬೇಸರದ್ದು. ಆದ್ದರಿಂದ ಇಂದು ಕಾಯಿಲೆಯ ಹೆಸರಿನಿಂದ ಆರಂಭಿಸದೆ ಒಂದು ಗಿಡದಿಂದ ಆರಂಭಿಸುತ್ತೇನೆ. ನಾನು ತಂದಿರುವ ಈ ಎಲೆಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ, ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ಹೌದು, ದೊಡ್ಡಪತ್ರೆ. ಕೆಲವರು ಸಾಂಬ್ರಾಣಿ ಸೊಪ್ಪು ಎನ್ನುತ್ತಾರೆ, ಕೆಲವರು ಸಾಂಬಾರಬಳ್ಳಿ ಎನ್ನುತ್ತಾರೆ. ತಮಿಳರಿಗೆ ಇದು ಕರ್ಪೂರವಳ್ಳಿ.

ಇದನ್ನು ಅಜವಾನದ ಗಿಡ ಎಂದು ತಿಳಿದವರು ಬಹಳ ಮಂದಿ. ಅದು ಸರಿಯಲ್ಲ. ಅಜವಾನ ಕೊತ್ತಂಬರಿ, ಜೀರಿಗೆಗಳ ಕುಟುಂಬದ್ದು. ಒಂದೇ ಹಂಗಾಮಿನಲ್ಲಿ ಬೆಳೆದು ಕಾಳು ಕೊಟ್ಟು ಒಣಗುತ್ತದೆ. ದೊಡ್ಡಪತ್ರೆ ತುಳಸಿಯ ಕುಟುಂಬದ್ದು, ವರ್ಷಾನುಗಟ್ಟಲೆ ಬದುಕುತ್ತದೆ. ವಾಸನೆ ಹೋಲುವುದಕ್ಕೆ ಕಾರಣವಿದೆ: ಅಜವಾನದಲ್ಲಿರುವ ಥೈಮಾಲ್ ಹಾಗೂ ಅದರ ಹತ್ತಿರದ ಕಾರ್ವಕ್ರಾಲ್ ಎಂಬ ತೈಲಾಂಶಗಳು ಈ ಎಲೆಯಲ್ಲಿಯೂ ಇವೆ. 1790ರಲ್ಲಿ ಲೊರೇರೊ ಎಂಬ ಪೋರ್ಚುಗೀಸ್ ಸಸ್ಯಶಾಸ್ತ್ರಜ್ಞರು ಇಂಡೋನೇಷ್ಯಾದ ಅಂಬೋನ್ ದ್ವೀಪದ ಹೆಸರನ್ನು ಸೇರಿಸಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟರು. ನಮ್ಮ ಹಿತ್ತಲಿನಲ್ಲಿ ಯಾರು ಹೆಸರಿಟ್ಟರೂ ಇಡದಿದ್ದರೂ ಅದು ಬೆಳೆದುಕೊಂಡೇ ಇದೆ!

ಬೆಳೆಸಲು ಬೀಜ ಹುಡುಕಬೇಕಾಗಿಲ್ಲ. ಪಕ್ಕದ ಮನೆಯವರಿಂದ ಗೇಣುದ್ದದ ಒಂದು ಟೊಂಗೆ ಕೇಳಿ ತನ್ನಿ. ಕೆಳಗಿನ ಎಲೆಗಳನ್ನು ತೆಗೆದು, ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ನೆಡಿ. ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತದೆ. ಬರೀ ಎರೆಮಣ್ಣು ಇದಕ್ಕೆ ಒಗ್ಗುವುದಿಲ್ಲ, ನೀರು ಹಿಡಿದಿಡುತ್ತದೆ. ಕೆಂಪು ಮಣ್ಣು, ಮರಳು, ಕೊಳೆತ ಕೊಟ್ಟಿಗೆ ಗೊಬ್ಬರ ಮೂರನ್ನೂ ಸಮವಾಗಿ ಬೆರೆಸಿ. ಮುಂಜಾನೆಯ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಜಾಗ ಉತ್ತಮ.

ಈ ಗಿಡ ಸಾಯುವುದು ಹೆಚ್ಚಾಗಿ ನಮ್ಮ ಪ್ರೀತಿಯಿಂದಲೇ. ನಾನೇ ಮೊದಲ ಸಲ ಬೆಳಿಗ್ಗೆ ಸಂಜೆ ನೀರು ಹಾಕಿ ಬುಡ ಕೊಳೆಯಿಸಿದೆ. ದಪ್ಪ ಎಲೆಯಲ್ಲಿಯೇ ನೀರಿನ ಸಂಗ್ರಹವಿರುವುದರಿಂದ, ಮಣ್ಣಿಗೆ ಬೆರಳು ಹಾಕಿ ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಿ. ಮಳೆಗಾಲದಲ್ಲಿ ಕುಂಡವನ್ನು ಸೂರಿನ ಕೆಳಗೆ ಸರಿಸಿ. ತುದಿ ಚಿವುಟುತ್ತಿದ್ದರೆ ಪೊದೆಯಾಗುತ್ತದೆ. ಎರಡು ಮೂರು ವರ್ಷಕ್ಕೆ ಕಾಂಡ ಬಲಿತು ಎಲೆ ಸಣ್ಣದಾದಾಗ ಅದರದೇ ಎಳೆ ಟೊಂಗೆಯನ್ನು ಹೊಸದಾಗಿ ನೆಡಬೇಕು. ಕುಂಡ ಕೊಳ್ಳುವ ಅಗತ್ಯವಿಲ್ಲ, ಅಡುಗೆ ಎಣ್ಣೆಯ ಹಳೆಯ ಡಬ್ಬಿ ಸಾಕು. ತಳಕ್ಕೆ ತೂತು ಮಾಡಿ. ಆದರೆ ಹೊಲಕ್ಕೆ ಹೊಡೆಯುವ ಕೀಟನಾಶಕದ ಡಬ್ಬಿಯನ್ನು ಎಷ್ಟು ತೊಳೆದರೂ ಬಳಸಬೇಡಿ.

ಇನ್ನು ಅಡುಗೆ. ತಂಬುಳಿ ಎಲ್ಲರಿಗೂ ಹಗುರ. ಎಂಟು ಹತ್ತು ಎಲೆಗಳನ್ನು ತೊಳೆದು, ಅರ್ಧ ಚಮಚ ತುಪ್ಪದಲ್ಲಿ ಸ್ವಲ್ಪ ಜೀರಿಗೆ, ನಾಲ್ಕು ಮೆಣಸಿನಕಾಳಿನೊಂದಿಗೆ ಬಾಡಿಸಿ. ಎಲೆ ನೀರು ಬಿಟ್ಟುಕೊಂಡು ಬಣ್ಣ ಕಂದುತ್ತದೆ, ಹೆದರಬೇಡಿ. ಎರಡು ಚಮಚ ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಕುದಿಸಬಾರದು. ಒಣಮೆಣಸಿನಕಾಯಿ, ಉದ್ದಿನಬೇಳೆ, ಹುಣಸೆಹಣ್ಣು ಸೇರಿಸಿ ಗಟ್ಟಿಯಾಗಿ ರುಬ್ಬಿದರೆ ರೊಟ್ಟಿಗೆ ಒಳ್ಳೆಯ ಚಟ್ನಿ. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಬಜ್ಜಿಯ ರುಚಿ ನಿಮಗೆ ಗೊತ್ತು. ಹೃದಯದ ಕಾಯಿಲೆಯವರು ನನ್ನ ಕಡೆ ನೋಡಬೇಡಿ. ರಕ್ತದೊತ್ತಡದವರು ಉಪ್ಪು ಕಡಿಮೆ ಹಾಕಿಕೊಳ್ಳಿ. ಮೂತ್ರಪಿಂಡದ ತೊಂದರೆಯಿಂದ ಪಥ್ಯದಲ್ಲಿರುವವರು ಸೊಪ್ಪು, ತೆಂಗಿನಕಾಯಿ ಎಷ್ಟು ಎಂಬುದನ್ನು ತಮ್ಮ ವೈದ್ಯರನ್ನು ಕೇಳಿಯೇ ತಿನ್ನಬೇಕು. ಸಕ್ಕರೆ ಕಾಯಿಲೆಯವರು ತಂಬುಳಿ ಕುಡಿದೆವೆಂದು ಮಾತ್ರೆ ಬಿಡಬಾರದು.

ಈಗ ನಾನು ಈ ಗಿಡದ ಮಾತು ತೆಗೆದ ನಿಜವಾದ ಕಾರಣಕ್ಕೆ ಬರುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಅಜ್ಜಿ ಎಂಟು ತಿಂಗಳ ಮೊಮ್ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಮೂರು ದಿನದಿಂದ ಕೆಮ್ಮು, ಜ್ವರ. ಎಲೆಯನ್ನು ಕೆಂಡದ ಮೇಲೆ ಬಾಡಿಸಿ, ರಸ ಹಿಂಡಿ, ಜೇನುತುಪ್ಪ ಬೆರೆಸಿ ಕುಡಿಸಿದ್ದರು. ನೆತ್ತಿಗೂ ಎಲೆ ಇಟ್ಟಿದ್ದರು. ಮಗುವಿನ ಅಂಗಿ ಮೇಲೆತ್ತಿ ಗಡಿಯಾರ ನೋಡುತ್ತ ಉಸಿರು ಎಣಿಸಿದೆ. ನಿಮಿಷಕ್ಕೆ 62. ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಎಳೆಯುತ್ತಿತ್ತು. ನ್ಯುಮೋನಿಯಾ. ಆಮ್ಲಜನಕ, ಚುಚ್ಚುಮದ್ದು ಎಲ್ಲ ಆದವು. ವಾರದ ನಂತರ ಮಗು ನಗುತ್ತ ಮನೆಗೆ ಹೋಯಿತು. ಆದರೆ ಆ ಮೊದಲ ರಾತ್ರಿ ಅಜ್ಜಿ ವಾರ್ಡಿನ ಬಾಗಿಲಲ್ಲಿ ನಿಂತು, “ನನ್ನ ಐದೂ ಮಕ್ಕಳಿಗೆ ಇದನ್ನ ಹಿಂಡಿ ಹಾಕೇನ್ರೀ ಡಾಕ್ಟ್ರ, ನಂದೇನ್ ತಪ್ಪಾತ್ರೀ?” ಎಂದು ಅತ್ತರು.

ನಾನು ಹೇಳಿದೆ: ಅವ್ವಾ, ಗಿಡದ ತಪ್ಪಲ್ಲ, ನಿಮ್ಮ ಪ್ರೀತಿಯ ತಪ್ಪೂ ಅಲ್ಲ. ಕಳೆದುಹೋದ ಆ ಮೂರು ದಿನ ತಪ್ಪಾಯಿತು.

ನೆಗಡಿಯ ಬಹುಪಾಲು ತಾನಾಗಿಯೇ ವಾಸಿಯಾಗುತ್ತದೆ. ಎಲೆ ಹಿಂಡಿದರೂ ಆಗುತ್ತದೆ, ಹಿಂಡದಿದ್ದರೂ ಆಗುತ್ತದೆ. ಆ ಐದು ಮಕ್ಕಳಿಗೆ ಆದದ್ದು ಅದೇ ಇರಬೇಕು. ಎಲೆಯ ತೈಲಾಂಶ ಕೆಲವು ರೋಗಾಣುಗಳನ್ನು ತಡೆಯುವುದು ಪ್ರಯೋಗಾಲಯದಲ್ಲಿ ಕಂಡಿದೆ ನಿಜ. ಆದರೆ ಗಾಜಿನ ತಟ್ಟೆ ಬೇರೆ, ಮಗುವಿನ ಶ್ವಾಸಕೋಶ ಬೇರೆ.

ಆದ್ದರಿಂದ ತಾಯಂದಿರು ಉಸಿರು ಎಣಿಸುವುದನ್ನು ಕಲಿಯಬೇಕು. ಮಗು ಅಳದೆ ಶಾಂತವಾಗಿರುವಾಗ ಅಥವಾ ಮಲಗಿರುವಾಗ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಅಂದೇ ವೈದ್ಯರಿಗೆ ತೋರಿಸಿ. ಎದೆ ಒಳಕ್ಕೆ ಎಳೆಯುತ್ತಿದ್ದರೆ, ಮಗು ಹಾಲು ಕುಡಿಯದಿದ್ದರೆ, ಮಂಪರಾಗಿದ್ದರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ, 108ಕ್ಕೆ ಕರೆ ಮಾಡಿ ಹೊರಡಿ.

ಆರು ತಿಂಗಳವರೆಗೆ ಕೂಸಿಗೆ ತಾಯಿಯ ಹಾಲೊಂದೇ ಸಾಕು, ಯಾವ ಎಲೆಯ ರಸವೂ ಬೇಡ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಒಂದು ರೋಗಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ವಿಷ ಉಂಟುಮಾಡಿ ಸ್ನಾಯುಗಳನ್ನು ಸೋಲಿಸಬಲ್ಲವು. ಮೂಗಿಗೆ ಎಣ್ಣೆ ಬಿಡುವುದೂ ಅಪಾಯ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ದೊಡ್ಡವರು ಗಂಟಲು ಕೆರೆತಕ್ಕೆ ನಾಲ್ಕು ಎಲೆ ಹಾಕಿ ಕುದಿಸಿದ ಬಿಸಿನೀರು ಕುಡಿದರೆ ಹಿತವೆನಿಸುತ್ತದೆ, ಕುಡಿಯಿರಿ. ಕೆಮ್ಮು ಎರಡು ವಾರ ದಾಟಿದರೆ ಮಾತ್ರ ಕಫ ಪರೀಕ್ಷೆ ಮಾಡಿಸಿ; ಕ್ಷಯರೋಗದ ಪರೀಕ್ಷೆ, ಔಷಧ ಎರಡೂ ಸರ್ಕಾರದಿಂದ ಉಚಿತವಾಗಿ ದೊರೆಯುತ್ತವೆ.

ಮೇಜಿನ ಮೇಲಿನ ಬುಟ್ಟಿಯಲ್ಲಿ ನಮ್ಮ ಮನೆಯ ಗಿಡದ ಟೊಂಗೆಗಳಿವೆ. ಹೋಗುವಾಗ ಒಬ್ಬರಿಗೆ ಒಂದರಂತೆ ತೆಗೆದುಕೊಳ್ಳಿ. ದೂರದ ಊರಿನವರು ಬುಡಕ್ಕೆ ಒದ್ದೆ ಬಟ್ಟೆ ಸುತ್ತಿಕೊಳ್ಳಿ, ಎರಡು ದಿನ ಬಾಡದೆ ಇರುತ್ತದೆ. ಕೂಸು ಎತ್ತಿಕೊಂಡು ಬಂದಿರುವ ತಾಯಂದಿರು ಐದು ನಿಮಿಷ ನಿಲ್ಲಿ; ಉಸಿರು ಎಣಿಸುವುದನ್ನು ನಮ್ಮ ಸಿಸ್ಟರ್ ಈಗಲೇ ತೋರಿಸಿಕೊಡುತ್ತಾರೆ.